ವಿಮಾ ಕಚೇರಿಯಲ್ಲಿ ಒಂದು ದಿನ

ಮಕ್ಕಳೇ, ನಿಮ್ಮ ಮನೆಯಲ್ಲಿ ಮಹತ್ವದ ಕಾಗದಪತ್ರಗಳನ್ನು ಎಲ್ಲಿ ಇಡುತ್ತಾರೆ? ಕೆಲವರು ಟ್ರಂಕಿನಲ್ಲಿ ಇಡುತ್ತಾರೆ, ಕೆಲವರು ಕಪಾಟಿನಲ್ಲಿ ಇಡುತ್ತಾರೆ. ಅಲ್ಲಿ ರೇಶನ್ ಕಾರ್ಡು, ಹೊಲದ ಸಾತ್‌ಬಾರಾ ಉತಾರೆ, ಬ್ಯಾಂಕಿನ ಪಾಸ್‌ಬುಕ್ ಇರುತ್ತವೆ. ಕೆಲವರ ಮನೆಯಲ್ಲಿ ಇನ್ನೊಂದು ಕಾಗದವೂ ಇರುತ್ತದೆ. ಅದರ ಮೇಲೆ ದೀಪದ ಜ್ಯೋತಿ ಆರದಂತೆ ಎರಡು ಕೈಗಳನ್ನು ಅಡ್ಡ ಹಿಡಿದ ಚಿತ್ರವಿರುತ್ತದೆ. ಅದು ಭಾರತೀಯ ಜೀವ ವಿಮಾ ನಿಗಮದ ಗುರುತು. ಆ ಕಾಗದಕ್ಕೆ ಪಾಲಿಸಿ ಎನ್ನುತ್ತಾರೆ.

ಈ ಪಾಲಿಸಿ ಎಂದರೇನು? ಅದನ್ನು ಕೊಡುವ ಕಚೇರಿಯಲ್ಲಿ ದಿನವಿಡೀ ಯಾವ ಕೆಲಸ ನಡೆಯುತ್ತದೆ? ಬನ್ನಿರಿ, ತಿಳಿದುಕೊಳ್ಳೋಣ.

ಬಣವೆಗೆ ಬೆಂಕಿ ಬಿದ್ದರೆ

ಒಂದು ಹಳ್ಳಿಯಲ್ಲಿ ಒಬ್ಬ ರೈತನ ಬಣವೆಗೆ ಬೆಂಕಿ ಬಿತ್ತು ಎಂದು ತಿಳಿಯಿರಿ. ದನಗಳಿಗೆ ಮೇವು ಇಲ್ಲದಂತಾಯಿತು. ಆಗ ಊರಿನವರು ಏನು ಮಾಡುತ್ತಾರೆ? ಮನೆಗೆ ಇಷ್ಟು ಎಂದು ಕಣಿಕೆಯ ಸೂಡುಗಳನ್ನು ತಂದು ಕೊಡುತ್ತಾರೆ. ಕೊಟ್ಟವರಿಗೆ ಅದು ಭಾರವಾಗುವುದಿಲ್ಲ. ಪಡೆದವನ ದನಗಳು ಬದುಕುತ್ತವೆ.

ವಿಮೆಯೂ ಇಂಥದೇ ಕೆಲಸ. ಆದರೆ ಇಲ್ಲಿ ಬೆಂಕಿ ಬಿದ್ದ ಮೇಲೆ ಕೂಡಿಸುವುದಿಲ್ಲ, ಮೊದಲೇ ಕೂಡಿಸಿ ಇಡುತ್ತಾರೆ. ಒಂದು ಲೆಕ್ಕ ಮಾಡಿ ನೋಡಿರಿ. 1,000 ಮನೆಯವರು ವರ್ಷಕ್ಕೆ ತಲಾ ₹220 ಕೊಟ್ಟರೆ ₹2,20,000 ಆಗುತ್ತದೆ. ಆ ವರ್ಷ ನಾಲ್ಕು ಮನೆಗಳು ಸುಟ್ಟವು. ಒಂದೊಂದು ಮನೆಗೆ ₹50,000 ಕೊಟ್ಟರೆ ₹2,00,000 ಖರ್ಚಾಯಿತು. ಉಳಿದ ₹20,000 ಕಚೇರಿ ನಡೆಸಲು ಬೇಕು. ಹೀಗೆ ಎಲ್ಲರೂ ಕಟ್ಟುವ ಹಣಕ್ಕೆ ವಿಮಾ ಕಂತು ಎನ್ನುತ್ತಾರೆ. ನಮ್ಮ ಕಡೆ ಹಪ್ತೆ ಎಂದೂ ಕರೆಯುತ್ತಾರೆ.

ಹಾಗಾದರೆ ಉಳಿದ 996 ಮನೆಯವರ ಹಣ ವ್ಯರ್ಥವಾಯಿತೇ? ಇಲ್ಲ. ಸುಡುವ ನಾಲ್ಕು ಮನೆಗಳು ಯಾರವು ಎಂಬುದು ವರ್ಷದ ಮೊದಲು ಯಾರಿಗೂ ಗೊತ್ತಿರಲಿಲ್ಲ. ಅವರೆಲ್ಲರೂ ವರ್ಷವಿಡೀ ಧೈರ್ಯದಿಂದ ಇದ್ದರು. ಆ ಧೈರ್ಯಕ್ಕಾಗಿಯೇ ಅವರು ಹಣ ಕೊಟ್ಟಿದ್ದರು.

ಇಡೀ ಊರೇ ಕುಸಿದರೆ

ಊರಿನವರೇ ಕೂಡಿ ಸಹಾಯ ಮಾಡುವುದಾದರೆ ವಿಮಾ ಕಚೇರಿ ಏಕೆ ಬೇಕು ಎಂದು ನೀವು ಕೇಳಬಹುದು. ಇದಕ್ಕೆ ಉತ್ತರ ನಮ್ಮ ಭಾಗದ ಇತಿಹಾಸದಲ್ಲಿಯೇ ಇದೆ.

1993ರ ಸಪ್ಟೆಂಬರ್ 30ರಂದು ಬೆಳಗಿನ ಜಾವ ನಾಲ್ಕು ಗಂಟೆ ಆಗುವುದಕ್ಕೆ ಮೊದಲೇ ಭೂಮಿ ನಡುಗಿತು. ಗಣೇಶ ವಿಸರ್ಜನೆ ಮುಗಿಸಿ ಜನ ಮಲಗಿದ್ದರು. ಲಾತೂರ ಜಿಲ್ಲೆಯ ಔಸಾ ತಾಲೂಕಿನ ಕಿಲ್ಲಾರಿ, ಉಮರ್ಗಾ ಭಾಗದ ಸಾಸ್ತೂರ ಮುಂತಾದ ಹಳ್ಳಿಗಳು ನೆಲಸಮವಾದವು. ಕಲ್ಲು ಮಣ್ಣಿನ ದಪ್ಪ ಗೋಡೆಗಳು, ಮಣ್ಣಿನ ಭಾರದ ಮಾಳಿಗೆಗಳು ಮಲಗಿದವರ ಮೇಲೆಯೇ ಬಿದ್ದವು. ಸಾವಿರಾರು ಜನ ಸತ್ತರು. ಆ ದಿನ ನೆರೆಮನೆಯವನು ನೆರೆಮನೆಯವನಿಗೆ ಏನು ಕೊಡಬಲ್ಲನು? ಕೊಡಬೇಕಾದವನ ಮನೆಯೂ ಬಿದ್ದಿತ್ತು. ದೂರದ ಊರುಗಳಿಂದಲೇ ಸಹಾಯ ಬರಬೇಕಾಯಿತು.

ಬರಗಾಲವೂ ಹೀಗೆಯೇ. 2016ರಲ್ಲಿ ಲಾತೂರ ಪಟ್ಟಣಕ್ಕೆ ಮಿರಜದಿಂದ ರೈಲಿನಲ್ಲಿ ಕುಡಿಯುವ ನೀರು ತರಬೇಕಾಗಿತ್ತು. ಮಳೆ ಬಾರದಿದ್ದರೆ ಒಬ್ಬನ ಹೊಲವಷ್ಟೇ ಒಣಗುವುದಿಲ್ಲ, ಇಡೀ ತಾಲೂಕೇ ಒಣಗುತ್ತದೆ.

ಆದ್ದರಿಂದ ಹೊರೆ ಹೊರುವವರು ಒಂದೇ ಊರಿನವರಾಗಿದ್ದರೆ ಸಾಲದು. ನಿಲಂಗಾದ ರೈತ, ಮುಂಬಯಿಯ ಗಿರಣಿ ಕೆಲಸಗಾರ, ನಾಗಪುರದ ಅಂಗಡಿಕಾರ, ಬೆಂಗಳೂರಿನ ಶಿಕ್ಷಕಿ ಎಲ್ಲರ ಕಂತುಗಳೂ ಒಂದೆಡೆ ಸೇರಬೇಕು. ಆಗ ಒಂದು ಊರು ಬಿದ್ದರೂ ಉಳಿದ ಊರುಗಳು ಅದನ್ನು ಎತ್ತಬಲ್ಲವು.

ಆದರೆ ಇಲ್ಲಿ ಒಂದು ತೊಡಕಿದೆ. ಹಳ್ಳಿಯಲ್ಲಿ ಯಾರ ಬಣವೆ ಸುಟ್ಟಿತೆಂದು ಎಲ್ಲರಿಗೂ ಕಾಣುತ್ತದೆ. ನಾಗಪುರದವರಿಗೆ ನಿಲಂಗಾದವರ ಗುರುತಿಲ್ಲ. ಗುರುತಿಲ್ಲದವರು ಒಬ್ಬರನ್ನೊಬ್ಬರು ನಂಬಬೇಕಾದರೆ ಕಾಗದ ಸರಿಯಾಗಿರಬೇಕು. ವಿಮಾ ಕಚೇರಿಯ ದಿನದ ಕೆಲಸವೆಲ್ಲ ಈ ಕಾಗದವನ್ನು ಸರಿಯಾಗಿ ಇಡುವ ಕೆಲಸವೇ ಆಗಿದೆ.

ಕಚೇರಿ ತೆರೆಯಿತು

ಈಗ ನಿಲಂಗಾ, ಉಮರ್ಗಾ ಅಥವಾ ಉದಗೀರದಂಥ ಊರಿನ ಒಂದು ವಿಮಾ ಕಚೇರಿಗೆ ನಿಮ್ಮ ಕಾಕಾನೊಂದಿಗೆ ಹೋಗಿದ್ದೀರಿ ಎಂದು ತಿಳಿಯಿರಿ. ಬೆಳಿಗ್ಗೆ ಸಿಪಾಯಿ ಬಾಗಿಲು ತೆರೆಯುತ್ತಾನೆ. ನೌಕರರು ಬಂದು ಹಾಜರಿ ಹಾಕಿ ಗಣಕಯಂತ್ರಗಳನ್ನು ಚಾಲೂ ಮಾಡುತ್ತಾರೆ. ಟಪಾಲಿನಲ್ಲಿ ಬಂದ ಪ್ರತಿಯೊಂದು ಪತ್ರಕ್ಕೂ ಬಂದ ದಿನಾಂಕದ ಶಿಕ್ಕೆ ಹೊಡೆದು, ನೋಂದಣಿ ಸಂಖ್ಯೆ ಕೊಡುತ್ತಾರೆ. ಪತ್ರ ಯಾವ ದಿನ ಬಂದಿತು ಎಂಬುದರ ಮೇಲೆ ಮುಂದೆ ಒಬ್ಬರ ಹಕ್ಕು ನಿಲ್ಲಬಹುದು.

ಹಣ ಕಟ್ಟುವ ಕಿಟಕಿಯ ಮುಂದೆ ಸಾಲು ಇರುತ್ತದೆ. ಇಂದು ಎಷ್ಟೋ ಜನ ಮೊಬೈಲ್‌ನಿಂದಲೇ ಕಂತು ಕಟ್ಟುತ್ತಾರೆ. ಆದರೂ ಹಳ್ಳಿಯಿಂದ ಬಂದು ಕೈಯಾರೆ ಕಟ್ಟುವವರು ಇದ್ದಾರೆ. ಖಜಾನೆಯ ಕಾರಕೂನರು ನೋಟುಗಳನ್ನು ಎಣಿಸಿ ಪಾವತಿ ಕೊಡುತ್ತಾರೆ. ಪಾವತಿಯ ಮೇಲೆ ಪಾಲಿಸಿಯ ಸಂಖ್ಯೆ, ಹಣ, ದಿನಾಂಕ ಇವೆಯೇ ಎಂದು ಅಲ್ಲಿಯೇ ಓದಿ ನೋಡಬೇಕು. ಯಾರ ಕೈಗೆ ಹಣ ಕೊಟ್ಟರೂ ಪಾವತಿ ಪಡೆಯದೆ ಬರಬಾರದು.

ಜೀವ ವಿಮೆಯ ಕಂತು ಕಟ್ಟುವುದು ತಡವಾದರೆ ಸ್ವಲ್ಪ ದಿನಗಳ ಸವಲತ್ತು ಇದೆ. ವರ್ಷಕ್ಕೊಮ್ಮೆ, ಆರು ತಿಂಗಳಿಗೊಮ್ಮೆ ಅಥವಾ ಮೂರು ತಿಂಗಳಿಗೊಮ್ಮೆ ಕಟ್ಟುವವರಿಗೆ 30 ದಿನ, ತಿಂಗಳಿಗೊಮ್ಮೆ ಕಟ್ಟುವವರಿಗೆ 15 ದಿನ. ಅದೂ ದಾಟಿದರೆ ಪಾಲಿಸಿ ಬಂದ್ ಬೀಳುತ್ತದೆ.

ಹಳ್ಳಿ ಹಳ್ಳಿಗೆ ಹೋಗುವ ಪ್ರತಿನಿಧಿ

ಹತ್ತೂವರೆಯ ಹೊತ್ತಿಗೆ ವಿಮಾ ಪ್ರತಿನಿಧಿಗಳು ಬರುತ್ತಾರೆ. ಪ್ರತಿನಿಧಿಯಾಗಲು ಪರೀಕ್ಷೆ ಪಾಸಾಗಬೇಕು. ಅವರು ಕಾಸಾರ ಶಿರಸಿ, ಔರಾದ ಶಹಾಜಾನಿಯಂಥ ಊರುಗಳಿಗೆ ಹೋಗಿ ಜನರಿಗೆ ವಿಮೆಯ ಮಾಹಿತಿ ಹೇಳಿ ಅರ್ಜಿ ತುಂಬಿಸುತ್ತಾರೆ. ಒಂದು ಮನೆಯಲ್ಲಿ ಮರಾಠಿ, ಇನ್ನೊಂದರಲ್ಲಿ ಕನ್ನಡ, ಮತ್ತೊಂದರಲ್ಲಿ ಹಿಂದಿ ಮಾತನಾಡಬೇಕಾಗುತ್ತದೆ.

ಅರ್ಜಿಯಲ್ಲಿ ಹಲವು ಪ್ರಶ್ನೆಗಳಿರುತ್ತವೆ. ವಯಸ್ಸು ಎಷ್ಟು? ಹಿಂದೆ ಏನಾದರೂ ಕಾಯಿಲೆ ಇತ್ತೇ? ತಂಬಾಕು ತಿನ್ನುವಿರೇ? ಕೆಲವರು ಕಂತು ಹೆಚ್ಚಾಗುವುದೆಂದು ಕಾಯಿಲೆಯನ್ನು ಮುಚ್ಚಿಡುತ್ತಾರೆ. ಇದು ದೊಡ್ಡ ತಪ್ಪು. ಮುಚ್ಚಿಟ್ಟ ಮಾತು ಮುಂದೆ ಹೊರಬಿದ್ದರೆ, ಹಣ ಬೇಕಾದ ಹೊತ್ತಿನಲ್ಲಿಯೇ ಅದು ಸಿಗದೆ ಹೋಗಬಹುದು. ಅರ್ಜಿಯನ್ನು ಬೇರೆಯವರು ತುಂಬಿದರೂ ಸಹಿ ಮಾಡುವವರದೇ ಹೊಣೆ. ಆದ್ದರಿಂದ ಓದಿಸಿ ಕೇಳಿದ ಮೇಲೆಯೇ ಸಹಿ ಮಾಡಬೇಕು.

ಎತ್ತಿನ ಕಿವಿಯ ಬಿಲ್ಲೆ

ಮನುಷ್ಯರಿಗೆ ಮಾತ್ರವಲ್ಲ, ದನಗಳಿಗೂ ವಿಮೆ ಇದೆ. ಉದಗೀರದ ಬಳಿಯ ದೇವಣಿ ಊರಿನ ಹೆಸರಿನಿಂದಲೇ ಪ್ರಸಿದ್ಧವಾದ ದೇವಣಿ ತಳಿಯ ಎತ್ತುಗಳನ್ನು ನೀವು ನೋಡಿರಬಹುದು. ಅಂಥ ಒಂದು ಎತ್ತಿಗೆ ವಿಮೆ ಇಳಿಸುವಾಗ ಪಶುವೈದ್ಯರು ಬಂದು ಅದರ ಆರೋಗ್ಯ ನೋಡುತ್ತಾರೆ. ಬಣ್ಣ, ಮಚ್ಚೆ, ಕೋಡು, ವಯಸ್ಸು ಬರೆಯುತ್ತಾರೆ. ಕಿವಿಗೆ ಸಂಖ್ಯೆಯುಳ್ಳ ಒಂದು ಬಿಲ್ಲೆ ಹಾಕುತ್ತಾರೆ. ಅದೇ ಸಂಖ್ಯೆ ಪಾಲಿಸಿಯಲ್ಲಿಯೂ ಇರುತ್ತದೆ.

ನಿಮ್ಮ ಎತ್ತನ್ನು ನೀವು ನೂರು ಎತ್ತುಗಳಲ್ಲಿಯೂ ಗುರುತಿಸುವಿರಿ. ಕಚೇರಿಯವರು ಗುರುತಿಸುವುದು ಹೇಗೆ? ಆ ಬಿಲ್ಲೆಯಿಂದಲೇ. ಎತ್ತು ಸತ್ತರೆ ತಡಮಾಡದೆ ಕಚೇರಿಗೆ ತಿಳಿಸಿ, ವೈದ್ಯರ ಪತ್ರವನ್ನೂ ಬಿಲ್ಲೆಯನ್ನೂ ಕೊಡಬೇಕು. ಎತ್ತು ಬದುಕಿರುವಾಗಲೇ ಬಿಲ್ಲೆ ಬಿದ್ದು ಹೋದರೆ ಕೂಡಲೇ ತಿಳಿಸಿ ಹೊಸದನ್ನು ಹಾಕಿಸಬೇಕು.

ಬೆಳೆಯ ವಿಮೆ

ಪಕ್ಕದ ಬಾಕಿನ ಮೇಲೆ ಕುಳಿತ ಅಜ್ಜ ಸೋಯಾಬೀನ್ ಬೆಳೆಯ ವಿಮೆ ಕೇಳಲು ಬಂದಿದ್ದಾನೆ ಎಂದು ತಿಳಿಯಿರಿ. ಕಾರಕೂನರು ಹೇಳುತ್ತಾರೆ, “ಅಜ್ಜಾ, ಬೆಳೆ ವಿಮೆಯ ಅರ್ಜಿಯನ್ನು ಬ್ಯಾಂಕಿನಲ್ಲಿ ಅಥವಾ ಸೇವಾ ಕೇಂದ್ರದಲ್ಲಿ ತುಂಬಬೇಕು.”

ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ 2016ರಲ್ಲಿ ಆರಂಭವಾಯಿತು. ಮುಂಗಾರಿನ ಧಾನ್ಯ, ಬೇಳೆಕಾಳು ಮತ್ತು ಎಣ್ಣೆಕಾಳುಗಳಿಗೆ ರೈತ ಕಟ್ಟುವ ಕಂತು ವಿಮೆಯ ಮೊತ್ತದ 2%, ಹಿಂಗಾರಿನ ಬೆಳೆಗಳಿಗೆ 1.5% ಮೀರುವಂತಿಲ್ಲ. ವಿಮೆಯ ಮೊತ್ತ ₹50,000 ಇದ್ದರೆ ಮುಂಗಾರಿನಲ್ಲಿ ರೈತನ ಪಾಲು ಹೆಚ್ಚೆಂದರೆ ₹1,000. ಉಳಿದ ಕಂತನ್ನು ಕೇಂದ್ರ ಮತ್ತು ರಾಜ್ಯ ಸರಕಾರಗಳು ತುಂಬುತ್ತವೆ. ಮಹಾರಾಷ್ಟ್ರದಲ್ಲಿ 2023ರಿಂದ ಎರಡು ವರ್ಷ ರೈತರಿಂದ ಒಂದೇ ರೂಪಾಯಿ ಪಡೆಯುತ್ತಿದ್ದರು. 2025ರ ಮುಂಗಾರಿನಿಂದ ಮತ್ತೆ ಮೊದಲಿನ ಪದ್ಧತಿ ಬಂದಿದೆ.

ಇಡೀ ತಾಲೂಕಿನ ಬೆಳೆ ಎಷ್ಟು ಬಂದಿತೆಂದು ತಿಳಿಯುವುದು ಹೇಗೆ? ಆರಿಸಿದ ಕೆಲವು ಹೊಲಗಳಲ್ಲಿ ಅಳತೆ ಮಾಡಿದ ತುಂಡಿನಷ್ಟು ಬೆಳೆ ಕೊಯ್ದು, ರಾಶಿ ಮಾಡಿ, ತೂಗಿ ಬರೆಯುತ್ತಾರೆ. ಇದಕ್ಕೆ ಬೆಳೆ ಕಟಾವು ಪ್ರಯೋಗ ಎನ್ನುತ್ತಾರೆ. ಆ ತಕ್ಕಡಿ ಸುಳ್ಳು ಹೇಳಿದರೆ ಸಾವಿರಾರು ರೈತರ ಲೆಕ್ಕ ತಪ್ಪುತ್ತದೆ.

ಹೆಸರಿನ ಕಥೆ

ಮಧ್ಯಾಹ್ನದ ಹೊತ್ತಿಗೆ ಒಬ್ಬ ತಾಯಿ ಮಗನ ಕೈ ಹಿಡಿದುಕೊಂಡು ಬರುತ್ತಾಳೆ. ಆಕೆಯ ತವರು ಬೀದರ ಜಿಲ್ಲೆಯ ಭಾಲ್ಕಿ ಕಡೆ, ಗಂಡನ ಮನೆ ನಿಲಂಗಾ ತಾಲೂಕು. ಗಂಡ ತೀರಿಕೊಂಡಿದ್ದಾನೆ. ಆತ ಪಾಲಿಸಿಯಲ್ಲಿ ಹೆಂಡತಿಯ ಹೆಸರನ್ನು ವಾರಸುದಾರಳೆಂದು ಬರೆಸಿದ್ದ. ಆದರೆ ಆಕೆಯ ಶಾಲೆಯ ದಾಖಲೆಯಲ್ಲಿ ತವರಿನ ಹೆಸರಿದೆ. ಪಾಲಿಸಿಯಲ್ಲಿ ಮನೆಯಲ್ಲಿ ಕರೆಯುವ ಹೆಸರಿದೆ. ಬ್ಯಾಂಕಿನಲ್ಲಿ ಗಂಡನ ಹೆಸರು ಮತ್ತು ಅಡ್ಡಹೆಸರು ಸೇರಿದ ಉದ್ದ ಹೆಸರಿದೆ. ಮೂವರೂ ಒಬ್ಬಳೇ ಎಂದು ಊರಿಗೆಲ್ಲ ಗೊತ್ತು. ಕಾಗದಕ್ಕೆ ಗೊತ್ತಿಲ್ಲ.

“ಕೂಡಿರಿ ಅಕ್ಕಾ, ಗಾಬರಿಯಾಗಬೇಡಿರಿ” ಎಂದು ಕಾರಕೂನರು ಕನ್ನಡದಲ್ಲಿಯೇ ಹೇಳುತ್ತಾರೆ. ಮರಣದ ದಾಖಲೆ, ಪಾಲಿಸಿ, ಪಾಸ್‌ಬುಕ್ ನೋಡುತ್ತಾರೆ. ಈ ಹೆಸರುಗಳೆಲ್ಲ ಒಬ್ಬಳವೇ ಎಂಬ ಪ್ರತಿಜ್ಞಾಪತ್ರ ಹೇಗೆ ಮಾಡಿಸಬೇಕೆಂದು ಒಂದು ಚೀಟಿಯಲ್ಲಿ ಬರೆದು ಕೊಡುತ್ತಾರೆ. ಆಕೆಗೆ ಹಣ ಸಿಗುತ್ತದೆ, ಆದರೆ ಅಲೆದಾಟ ಹೆಚ್ಚುತ್ತದೆ. ಮಗನ ಶಾಲೆಯ ಖರ್ಚು ಅಷ್ಟು ದಿನ ಕಾಯಬೇಕಾಗುತ್ತದೆ. ವಾರಸುದಾರರ ಹೆಸರೇ ಇಲ್ಲದಿದ್ದರೆ ಕೋರ್ಟಿನ ಬಾಗಿಲಿಗೂ ಹೋಗಬೇಕಾಗಬಹುದು. ಆ ಹೆಸರನ್ನು ಪಾಲಿಸಿ ಚಾಲೂ ಇರುವಾಗ ಯಾವಾಗ ಬೇಕಾದರೂ ಬರೆಸಬಹುದು, ಬದಲಿಸಲೂಬಹುದು. ಒಂದು ಸಾಲಿನ ಕೆಲಸ ಅದು.

ಸ್ವಲ್ಪ ಇತಿಹಾಸ

ನಮ್ಮ ದೇಶದಲ್ಲಿ ಮೊದಲ ಜೀವ ವಿಮಾ ಕಂಪನಿ 1818ರಲ್ಲಿ ಕೋಲಕತ್ತದಲ್ಲಿ ಆರಂಭವಾಯಿತು. ಅದು ಮುಖ್ಯವಾಗಿ ಯುರೋಪಿಯನ್ನರಿಗಾಗಿ ಇತ್ತು. ಆ ಕಾಲದ ಕಂಪನಿಗಳು ಭಾರತೀಯರಿಂದ ಹೆಚ್ಚಿನ ಕಂತು ಪಡೆಯುತ್ತಿದ್ದವು. 1870ರಲ್ಲಿ ಆರಂಭವಾದ ಬಾಂಬೆ ಮ್ಯೂಚುವಲ್ ಸಂಸ್ಥೆ ಭಾರತೀಯರಿಗೂ ಸಮಾನ ದರದಲ್ಲಿ ವಿಮೆ ಕೊಟ್ಟಿತು. 1891ರಲ್ಲಿ ಮೈಸೂರು ಸಂಸ್ಥಾನ ತನ್ನ ನೌಕರರಿಗಾಗಿ ವಿಮಾ ಇಲಾಖೆ ತೆರೆಯಿತು. 1956ರ ಸಪ್ಟೆಂಬರ್ 1ರಂದು ಭಾರತೀಯ ಜೀವ ವಿಮಾ ನಿಗಮ ಸ್ಥಾಪನೆಯಾಯಿತು.

ಎರಡು ತಿಂಗಳ ನಂತರ, ಅದೇ ವರ್ಷದ ನವೆಂಬರ್ 1ರಂದು ರಾಜ್ಯಗಳ ಗಡಿಗಳು ಬದಲಾದವು. ಅಲ್ಲಿಯವರೆಗೆ ಬೀದರ ಜಿಲ್ಲೆಯಲ್ಲಿದ್ದ ನಿಲಂಗಾ, ಉದಗೀರ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಸೇರಿದವು. ಬೀದರ, ಭಾಲ್ಕಿ ಮೈಸೂರು ರಾಜ್ಯಕ್ಕೆ ಹೋದವು. ಗಡಿ ಬಂದರೂ ಬೀಗತನ ನಿಲ್ಲಲಿಲ್ಲ. ಆದ್ದರಿಂದಲೇ ನಮ್ಮ ಹೆಸರುಗಳು ಇಂದಿಗೂ ಎರಡು ರಾಜ್ಯಗಳ ಕಾಗದಗಳಲ್ಲಿ, ಎರಡು ಲಿಪಿಗಳಲ್ಲಿ ಇರುತ್ತವೆ.

ಸಂಜೆಯ ಲೆಕ್ಕ

ಸಂಜೆ ಕಿಟಕಿ ಮುಚ್ಚಿದ ಮೇಲೆ ಖಜಾನೆಯವರು ಮನೆಗೆ ಹೋಗುವಂತಿಲ್ಲ. ಕೊಟ್ಟ ಪಾವತಿಗಳ ಮೊತ್ತ, ಪೆಟ್ಟಿಗೆಯ ಹಣ ಎರಡೂ ಸರಿಹೊಂದಬೇಕು. ಹತ್ತು ರೂಪಾಯಿ ವ್ಯತ್ಯಾಸ ಬಂದರೂ ಮೊದಲಿನಿಂದ ಎಣಿಸುತ್ತಾರೆ. ಆ ಹತ್ತು ರೂಪಾಯಿ ಕಚೇರಿಯದಲ್ಲ, ಎಲ್ಲಿಯೋ ಇರುವ ಒಬ್ಬರ ಕಂತಿನದು.

ಮಕ್ಕಳೇ, ನೀವು ಕನ್ನಡ ಓದಬಲ್ಲಿರಿ, ಮರಾಠಿಯನ್ನೂ ಓದಬಲ್ಲಿರಿ. ಮನೆಯ ಹಿರಿಯರಿಗೆ ಓದು ಬಾರದಿದ್ದರೆ ಅವರ ಕಾಗದಗಳನ್ನು ನೀವೇ ಓದಿ ಹೇಳಿರಿ. ತಪ್ಪಿದ ಒಂದು ಅಕ್ಷರವನ್ನು ಇಂದು ತಿದ್ದಿಸಿದರೆ, ಕಷ್ಟದ ದಿನ ನಿಮ್ಮ ಅವ್ವ ಕಚೇರಿಗೆ ಹತ್ತು ಸಲ ಅಲೆಯುವುದು ತಪ್ಪುತ್ತದೆ.

ಶಬ್ದಾರ್ಥ

ಕಂತು – ಗೊತ್ತಾದ ಸಮಯಕ್ಕೆ ಕಟ್ಟುವ ಹಣ, ಹಪ್ತೆ
ಪಾವತಿ – ಹಣ ಮುಟ್ಟಿದ್ದಕ್ಕೆ ಕೊಡುವ ಚೀಟಿ
ವಾರಸುದಾರ – ವಿಮೆಯ ಹಣ ಪಡೆಯಲು ಹೆಸರಿಸಿದ ವ್ಯಕ್ತಿ
ಬೀಗತನ – ಮದುವೆಯಿಂದಾದ ಸಂಬಂಧ

ಸ್ವಾಧ್ಯಾಯ

1. ಬಣವೆ ಸುಟ್ಟಾಗ ಊರಿನವರು ಮಾಡುವ ಸಹಾಯಕ್ಕೂ ವಿಮೆಗೂ ಇರುವ ವ್ಯತ್ಯಾಸವೇನು?
2. ಭೂಕಂಪದಂಥ ಸಂಕಟದಲ್ಲಿ ಒಂದೇ ಊರಿನವರ ಸಹಾಯ ಏಕೆ ಸಾಲುವುದಿಲ್ಲ?
3. ಎತ್ತಿನ ಕಿವಿಗೆ ಬಿಲ್ಲೆ ಏಕೆ ಹಾಕುತ್ತಾರೆ?
4. ವಿಮೆಯ ಮೊತ್ತ ₹40,000 ಇದ್ದರೆ 2% ದರದಂತೆ ಕಂತು ಎಷ್ಟಾಗುತ್ತದೆ?
5. “ಊರಿಗೆಲ್ಲ ಗೊತ್ತು, ಕಾಗದಕ್ಕೆ ಗೊತ್ತಿಲ್ಲ.” ಈ ಮಾತಿನ ಅರ್ಥವನ್ನು ನಿಮ್ಮ ಶಬ್ದಗಳಲ್ಲಿ ಬರೆಯಿರಿ.

ಉಪಕ್ರಮ

ಹಿರಿಯರ ಅನುಮತಿ ಪಡೆದು ಮನೆಯ ಬ್ಯಾಂಕ್ ಪಾಸ್‌ಬುಕ್ ನೋಡಿರಿ. ವರ್ಷಕ್ಕೊಮ್ಮೆ ₹436 ಅಥವಾ ₹20 ಕಡಿತವಾಗಿದೆಯೇ? ₹436 ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆಯ ಕಂತು, ₹20 ಸುರಕ್ಷಾ ವಿಮೆಯ ಕಂತು ಆಗಿರಬಹುದು. ಇದ್ದರೆ ವಾರಸುದಾರರ ಹೆಸರು ಸರಿಯಾಗಿದೆಯೇ ಎಂದು ಬ್ಯಾಂಕಿನಲ್ಲಿ ಕೇಳಲು ಹಿರಿಯರಿಗೆ ನೆನಪಿಸಿರಿ.