ಕತ್ತಲೆಕಾನಿಗೆ ಹೊರಟಿರಾ? ಉಂಬಳಕ್ಕಿಂತ ಉಣುಗಿಗೆ ಅಂಜಿ

ಹೊನ್ನಾವರದಿಂದ ಜೋಗದ ಕಡೆಗೆ ಘಟ್ಟ ಹತ್ತುವ ದಾರಿಯಲ್ಲಿ, ಸಿದ್ದಾಪುರ ತಾಲ್ಲೂಕಿಗೆ ಸೇರಿದ ಕತ್ತಲೆಕಾನು ರಾಮಪತ್ರೆ ಜಡ್ಡಿಗಳಿಗೆ (ಜೌಗು ನೆಲಗಳಿಗೆ) ಹೆಸರಾದ ಪುರಾತನ ನಿತ್ಯಹರಿದ್ವರ್ಣ ಕಾಡು. ಬೇಸಿಗೆಯಲ್ಲೂ ಆರದ ಕೆಸರು, ಅದರಿಂದ ಮಂಡಿ ಮಡಿಸಿದಂತೆ ಮೇಲೆದ್ದ ಉಸಿರಾಟದ ಬೇರುಗಳು, ಮೇಲೆ ಸಿಂಗಳೀಕ. ವರ್ಣನೆ ಇಷ್ಟು ಸಾಕು.

ಮೊದಲು ಅನುಮತಿ. 2019ರಿಂದ ಇದು ಶರಾವತಿ ಸಿಂಗಳೀಕ ಅಭಯಾರಣ್ಯದ ವ್ಯಾಪ್ತಿ. ಡಾಂಬರು ರಸ್ತೆ ಬಿಟ್ಟು ಒಳಗೆ ಕಾಲಿಡುವುದಕ್ಕೆ ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ಊರಿನವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಮೊಬೈಲ್ ನಕ್ಷೆ ನಂಬಿ ಕಾನು ಹೊಕ್ಕವರನ್ನು ಹುಡುಕುವ ಕೆಲಸ ಕೊನೆಗೆ ಊರಿನವರ ತಲೆಗೇ ಬರುತ್ತದೆ.

ಇನ್ನು ಬಹುತೇಕರು ಎಡವುವ ಜಾಗ. ಉಂಬಳಕ್ಕೆ ಹೆದರಿ ಮಳೆಗಾಲ ಕಳೆಯಲಿ ಎಂದು ಕಾದು, ಜನವರಿಯಲ್ಲಿ ಚಡ್ಡಿ ತೊಟ್ಟು ಬರುತ್ತಾರೆ. ಉಂಬಳ ಕಚ್ಚಿದರೆ ಒಂದಿಷ್ಟು ರಕ್ತ ಹೋಗುತ್ತದೆ, ನಾಲ್ಕು ದಿನ ತುರಿಸುತ್ತದೆ, ಮುಗಿಯಿತು. ಒಣಗಾಲದ ಉಣುಗು ಹಾಗಲ್ಲ. ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಾದ ಮಂಗನ ಕಾಯಿಲೆಯನ್ನು ಹರಡುವುದು ಇದೇ. ಡಿಸೆಂಬರಿನಿಂದ ಮೇವರೆಗೆ ಹಾವಳಿ ಹೆಚ್ಚು. ಮರಿ ಉಣುಗು ರಾಗಿ ಕಾಳಿನಷ್ಟೂ ಇರುವುದಿಲ್ಲ, ಕಚ್ಚಿದ್ದು ಗೊತ್ತೂ ಆಗುವುದಿಲ್ಲ.

ಹಾಗಾಗಿ ತುಂಬುತೋಳಿನ ತಿಳಿ ಬಣ್ಣದ ಅಂಗಿ ಇರಲಿ, ಪ್ಯಾಂಟಿನ ತುದಿ ಕಾಲುಚೀಲದೊಳಗೆ ಹೋಗಲಿ. ಕಾಡಂಚಿನವರಿಗೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಸಿಕ್ಕರೆ ಕೈಕಾಲಿಗೆ ಹಚ್ಚಿಕೊಳ್ಳಿ. ಫೋಟೊಕ್ಕೆಂದು ತರಗೆಲೆ ಮೇಲೆ ಕೂರಬೇಡಿ, ಮಲಗುವುದಂತೂ ಬೇಡವೇ ಬೇಡ. ಸತ್ತ ಮಂಗ ಕಂಡರೆ ಹತ್ತಿರ ಸುಳಿಯದೆ ಅರಣ್ಯ ಸಿಬ್ಬಂದಿಗೆ ತಿಳಿಸಿ. ವಾಪಸಾದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ; ಕಂಕುಳು, ಮಂಡಿಯ ಹಿಂಬದಿ, ಕಿವಿಯ ಸಂದು ತಡವಿ ನೋಡಿ. ಕಚ್ಚಿಕೊಂಡಿದ್ದರೆ ಬೀಡಿಯಲ್ಲಿ ಸುಡುವ ಶೂರತನ ಬೇಡ. ಚಿಮುಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯಿರಿ. ಮುಂದಿನ ಒಂದೆರಡು ವಾರದಲ್ಲಿ ಜ್ವರ, ತಲೆನೋವು, ಮೈಕೈ ನೋವು ಬಂದರೆ ಮಾತ್ರೆ ನುಂಗಿ ಕೂರದೆ ವೈದ್ಯರ ಬಳಿ ಹೋಗಿ, ಮೊದಲ ಮಾತಿನಲ್ಲೇ ಕಾಡಿಗೆ ಹೋಗಿದ್ದನ್ನು ಹೇಳಿ. ನಗರದ ವೈದ್ಯರಿಗೆ ಅದು ತಾನಾಗಿ ಹೊಳೆಯಲಿಕ್ಕಿಲ್ಲ.

ಉಳಿದದ್ದು ಚುಟುಕಾಗಿ. ಬೆಳಗ್ಗೆ ಬೇಗ ಹೋಗಿ, ದನಿ ತಗ್ಗಿಸಿ. ಕೊಂಬೆ ಅಲುಗಿದ ಕಡೆ ಕಣ್ಣಿಟ್ಟು ನಿಂತರೆ ಸಿಂಗಳೀಕ ಕಂಡೀತು. ಮಂಗಟ್ಟೆಯ ಕೂಗಂತೂ ಕೇಳುತ್ತದೆ. ಜಡ್ಡಿಗೆ ಇಳಿದು ಬೇರು ತುಳಿಯಬೇಡಿ. ರಾಮಪತ್ರೆ ಬೀಜ ಜೇಬಿಗಿಳಿಸಬೇಡಿ, ಒಣಗಿದರೆ ಅದು ಮೊಳೆಯುವುದಿಲ್ಲ. ಬುತ್ತಿ ಗಾಡಿಯಲ್ಲೇ ಇರಲಿ: ಬಾಳೆಹಣ್ಣಿನ ರುಚಿ ಕಂಡ ಸಿಂಗಳೀಕ ರಸ್ತೆಗಿಳಿದು ಲಾರಿಗೆ ಸಿಗುತ್ತದೆ.