ಮೊದಲು ಬಿಲ್ಲು, ಆಮೇಲೆ ಬಿಸಿಲು

ಗ್ರಾಮ ಪಂಚಾಯ್ತಿಗೆ ಹೊಸದಾಗಿ ಆಯ್ಕೆಯಾಗಿ ಬಂದು ಸೋಲಾರ್ ಹಾಕಿಸಬೇಕು ಎನ್ನುವವರಿಗೆ ನಾನು ಮೊದಲು ಹೇಳುವುದು ಒಂದೇ: ಪ್ಯಾನೆಲ್ ಸುದ್ದಿ ಆಮೇಲೆ, ಮೊದಲು ಪಂಚಾಯ್ತಿಯ ಕರೆಂಟ್ ಬಿಲ್ಲುಗಳನ್ನೆಲ್ಲ ತರಿಸಿಕೊಂಡು ಓದಿ. ಒಂದೊಂದು ಆರ್‌ಆರ್ ನಂಬರಿನ ಮೇಲೂ ಬೆರಳಿಟ್ಟು, ಇದು ಯಾವ ಮೋಟರು, ಇದು ಯಾವ ಬೀದಿಯ ದೀಪ ಎಂದು ನೀರಗಂಟಿಯನ್ನು ಪಕ್ಕದಲ್ಲೇ ಕೂರಿಸಿಕೊಂಡು ಕೇಳಿ. ನಮ್ಮಲ್ಲಿ ಹಾಗೆ ಕೂತಾಗ, ನೀರು ಬತ್ತಿ ವರ್ಷಗಳೇ ಆಗಿದ್ದ ಕೊಳವೆಬಾವಿಯೊಂದರ ಹೆಸರಿನಲ್ಲಿ ಇನ್ನೂ ನಿಗದಿತ ಶುಲ್ಕ ಬರುತ್ತಿದ್ದದ್ದು ಸಿಕ್ಕಿತು.

ನಾನು ತುಮಕೂರು ಜಿಲ್ಲೆಯವಳು. ಸೋಲಾರ್ ಎಂದರೆ ನಮ್ಮವರಿಗೆ ನೆನಪಾಗುವುದು ಪಾವಗಡ. ತಿರುಮಣಿ ಸುತ್ತಮುತ್ತ ಸುಮಾರು 13,000 ಎಕರೆ, 2,050 ಮೆಗಾವಾಟ್; ರೈತರು ಜಮೀನು ಮಾರದೆ ಗುತ್ತಿಗೆಗೆ ಕೊಟ್ಟಿರುವುದು ಅಲ್ಲಿನ ವಿಶೇಷ. ಅದನ್ನು ನೋಡಿ ಬಂದ ನಮ್ಮ ಸದಸ್ಯರು ಊರಿಗೂ ಅಂಥದ್ದೇ ಬೇಕು ಎಂದರು. ಪಂಚಾಯ್ತಿಯ ಸೋಲಾರ್ ಬೇರೆಯೇ ಬಾಬತ್ತು. ಅಲ್ಲಿ ಮಾರಾಟಕ್ಕೆಂದೇ ವಿದ್ಯುತ್ ತಯಾರಾಗುತ್ತದೆ, ಇಲ್ಲಿ ಖರ್ಚನ್ನು ಇಳಿಸಬೇಕು.

ಖರ್ಚು ಇದ್ದದ್ದು ಬೀದಿದೀಪದಲ್ಲಿ. ಎಷ್ಟೋ ಕಂಬಗಳಿಗೆ ಪ್ರತ್ಯೇಕ ಸ್ವಿಚ್ ವೈರ್ ಇಲ್ಲದೆ ಹಗಲೂ ದೀಪ ಉರಿಯುವುದು ಹಳ್ಳಿಗಳಲ್ಲಿ ಎಲ್ಲರೂ ಕಂಡದ್ದೇ. ಲೆಕ್ಕ ಹಾಕಿ ನೋಡಿ: 20 ವಾಟ್‌ನ 100 ಎಲ್‌ಇಡಿ ದೀಪ ಹಗಲು 12 ಗಂಟೆ ಸುಮ್ಮನೆ ಉರಿದರೆ 24 ಯೂನಿಟ್. ನಮ್ಮ ಕಡೆಯ ಬಿಸಿಲಿಗೆ 1 ಕಿಲೋವಾಟ್ ಪ್ಯಾನೆಲ್ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ. ಅಂದರೆ ಆ ಪೋಲನ್ನು ತುಂಬುವುದಕ್ಕೇ 6 ಕಿಲೋವಾಟ್ ಬೇಕು, ಸುಮಾರು 600 ಚದರಡಿ ತಾರಸಿ ಬೇಕು. ವೈರ್ ಎಳೆಸಿ ಟೈಮರ್ ಪೆಟ್ಟಿಗೆ ಕೂರಿಸಿದರೆ ಆ ಪ್ಯಾನೆಲ್‌ಗಳ ಅಗತ್ಯವೇ ಇಲ್ಲ. ಇದಕ್ಕೆ ಉದ್ಘಾಟನೆ, ಫಲಕ, ಫೋಟೊ ಯಾವುದೂ ಇರುವುದಿಲ್ಲವಾದ್ದರಿಂದ ಸಭೆಯಲ್ಲಿ ಒಪ್ಪಿಸುವುದು ಕಷ್ಟ. ಆದರೂ ಹಟ ಹಿಡಿಯಬೇಕು.

ಮನೆಗಳ ವಿಚಾರಕ್ಕೆ ಬಂದರೆ, 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವಾಟ್‌ಗೆ 78,000 ರೂಪಾಯಿ ಸಹಾಯಧನ ಇದೆ. ಆದರೆ ಅದರ ಹಿಂದಿನ ವರ್ಷವೇ ಗೃಹಜ್ಯೋತಿ ಬಂದು, ಸಣ್ಣ ಬಳಕೆಯ ಮನೆಗಳಿಗೆ ಬಿಲ್ಲು ಸೊನ್ನೆಯಾಗಿದೆ. ಅಂಥ ಮನೆಯಾಕೆಗೆ ಸಾಲ ಮಾಡಿ ಪ್ಲೇಟು ಹಾಕಿಸಮ್ಮ ಎನ್ನಲು ನನಗೆ ಬಾಯಿ ಬರಲಿಲ್ಲ. ಆಕೆಯ ಲೆಕ್ಕ ಸರಿಯಾಗಿಯೇ ಇದೆ. ಹಳ್ಳಿಯಲ್ಲಿ ಸೋಲಾರ್ ಮೊದಲು ಬರಬೇಕಾದದ್ದು ಪಂಚಾಯ್ತಿಯೇ ಬಿಲ್ಲು ಕಟ್ಟುವ ಕಡೆ, ಮುಖ್ಯವಾಗಿ ಕುಡಿಯುವ ನೀರಿನ ಮೋಟರಿಗೆ ಎಂಬುದು ನನಗೆ ಆಗ ಖಚಿತವಾಯಿತು. ಹಗಲು ಬಿಸಿಲಿರುವಾಗ ನೀರೆತ್ತಿ ಓವರ್‌ಹೆಡ್ ಟ್ಯಾಂಕ್ ತುಂಬಿಸಿಕೊಂಡರೆ ಮುಗಿಯಿತು. ಬ್ಯಾಟರಿಯ ತಂಟೆಯೇ ಇಲ್ಲ.

ಬ್ಯಾಟರಿಯ ತಂಟೆ ಏನೆಂದು ತಿಳಿಯಲು ಹಳೆಯ ಸೋಲಾರ್ ಬೀದಿದೀಪಗಳನ್ನು ನೋಡಿದರೆ ಸಾಕು. ಕಂಬ ಇದೆ, ಪ್ಲೇಟಿದೆ, ಪೆಟ್ಟಿಗೆಯೊಳಗಿನ ಬ್ಯಾಟರಿ ಸತ್ತಿದೆ ಅಥವಾ ಕಳುವಾಗಿದೆ. ಹಾಕುವುದಕ್ಕೆ ಅನುದಾನ ಬರುತ್ತದೆ, ಬದಲಿಸುವುದಕ್ಕೆ ಬರುವುದಿಲ್ಲ. ಅದಕ್ಕೇ ನಾವು ಮೋಟರಿನ ಸೋಲಾರ್‌ಗೆ ಒಪ್ಪಿಗೆ ಕೊಟ್ಟ ಸಭೆಯಲ್ಲೇ, ಮನೆ ಕಂದಾಯದಲ್ಲಿ ಇಷ್ಟು ಪಾಲು ಪ್ರತಿ ವರ್ಷ ರಿಪೇರಿಗೆ ಎಂದು ಠರಾವು ಬರೆಸಿದೆವು.

ಜಾಗದ ವಿಷಯದಲ್ಲಿ ದೊಡ್ಡ ಜಗ್ಗಾಟವೇ ನಡೆಯಿತು. ಮೊದಲು ಎಲ್ಲರ ಕಣ್ಣು ಬಿದ್ದದ್ದು ಪಂಚಾಯ್ತಿ ಕಚೇರಿಯ ತಾರಸಿ ಮೇಲೆ. ಪಡುವಲ ದಿಕ್ಕಿಗೆ ದೊಡ್ಡ ಹೊಂಗೆಮರ, ಮಧ್ಯಾಹ್ನ ಮೂರರ ಮೇಲೆ ತಾರಸಿಯೆಲ್ಲ ನೆರಳು. ಪ್ಯಾನೆಲ್‌ಗಳನ್ನು ಒಂದಕ್ಕೊಂದು ಸೇರಿಸಿ ಸಾಲು ಕಟ್ಟಿರುತ್ತಾರೆ. ಒಂದರ ಮೇಲೆ ನೆರಳು ಬಿದ್ದರೂ ಇಡೀ ಸಾಲಿನ ಉತ್ಪಾದನೆ ಕುಗ್ಗಬಹುದು. ಮರ ಕಡಿಸಿಬಿಡೋಣ ಎಂದರು. ನಾನು ಒಪ್ಪಲಿಲ್ಲ. ಆ ಆರ್‌ಸಿಸಿ ಕಟ್ಟಡದೊಳಗೆ ಏಪ್ರಿಲ್‌ನಲ್ಲಿ ಜನ ಕೂರುವಂತಿದ್ದರೆ ಅದು ಹೊಂಗೆಯಿಂದಲೇ. ಮರ ಉರುಳಿಸಿ ಕರೆಂಟು ಪಡೆದು, ಆ ಕರೆಂಟಿನಲ್ಲಿ ಇನ್ನೆರಡು ಫ್ಯಾನು ತಿರುಗಿಸುವುದರಲ್ಲಿ ಏನರ್ಥ? ಕಡೆಗೆ ಟ್ಯಾಂಕಿನ ಪಕ್ಕದ ಗ್ರಾಮಠಾಣಾ ಜಾಗದಲ್ಲಿ, ಟ್ಯಾಂಕಿನ ನೆರಳು ಬೀಳದ ದಕ್ಷಿಣದ ಕಡೆ ಪ್ಯಾನೆಲ್ ನಿಂತವು. ಕಟ್ಟಡ ತಂಪಾಗಿರುವುದೂ ವಿದ್ಯುತ್ ಉಳಿತಾಯವೇ ಎಂದು ಸಭೆಯಲ್ಲಿ ಮಾತು ಶುರುವಾದದ್ದು ಆ ಜಗಳದಿಂದ.

ಗ್ರಂಥಾಲಯದ ಮೇಲೆ ಲೈನಿಗೆ ಜೋಡಿಸಿದ ಸಣ್ಣ ಘಟಕವೂ ಬಂತು. ಮೊದಲ ಸಲ ಕರೆಂಟು ಹೋದಾಗ ಒಬ್ಬ ಹುಡುಗ ಬಂದು, "ಇಷ್ಟು ಬಿಸ್ಲೈತೆ, ಒಳಗೆ ಯಾಕಕ್ಕಾ ಕರೆಂಟಿಲ್ಲ?" ಎಂದ. ಲೈನು ಸತ್ತರೆ ಇನ್ವರ್ಟರ್ ತಾನೇ ನಿಂತುಬಿಡುತ್ತದೆ. ಇಲ್ಲದಿದ್ದರೆ ನಮ್ಮ ಪ್ಯಾನೆಲ್‌ನ ಕರೆಂಟು ತಂತಿಗೆ ಹರಿದು, ಕಂಬ ಹತ್ತಿದ ಲೈನ್‌ಮ್ಯಾನ್ ಜೀವಕ್ಕೇ ಅಪಾಯ. ಹೀಗೆ ವಿವರಿಸಿದ ಮೇಲೆ ಅವನಿಗೆ ಒಪ್ಪಿಗೆಯಾಯಿತು. ಇಂಥದ್ದನ್ನು ಗ್ರಾಮಸಭೆಯಲ್ಲಿ ಮೊದಲೇ ಬಿಡಿಸಿ ಹೇಳಿಬಿಡುವುದು ಒಳ್ಳೆಯದು.

ನಿರ್ವಹಣೆ ನಿಂತಿರುವುದು ನೀರಗಂಟಿಯ ಮೇಲೆ. ರಾಗಿ ಒಕ್ಕಣೆಯ ಕಾಲದಲ್ಲಿ ಗಾಜಿನ ಮೇಲೆ ಕಂದು ಹೊಟ್ಟಿನ ಧೂಳು ಕೂತು ಬೆರಳಲ್ಲಿ ಹೆಸರು ಬರೆಯುವಷ್ಟಾಗುತ್ತದೆ. ಆತ ಹೊತ್ತು ಮೂಡುವ ಮುಂಚೆ, ಗಾಜು ತಣ್ಣಗಿರುವಾಗಲೇ ಮೆತ್ತನೆಯ ಬಟ್ಟೆಯಲ್ಲಿ ತೊಳೆಯುತ್ತಾನೆ. ಕಾದ ಗಾಜಿಗೆ ತಣ್ಣೀರು ಬಿದ್ದರೆ ಸೀಳೀತು. ಕಾಗೆ ಹಿಕ್ಕೆಯನ್ನು ಕೆರೆಯುವುದಿಲ್ಲ, ನೆನೆಸಿ ಒರೆಸುತ್ತಾನೆ. ಆಮೇಲೆ ಮೀಟರ್ ನೋಡಿ ಅಂಕಿಯನ್ನು ನೋಟ್‌ಬುಕ್‌ನಲ್ಲಿ ಬರೆದಿಡುತ್ತಾನೆ. ಅಂಕಿ ದಿಢೀರನೆ ಇಳಿದ ದಿನ ಏನೋ ಕೆಟ್ಟಿದೆ ಎಂದು ಎಲ್ಲರಿಗಿಂತ ಮೊದಲು ಗೊತ್ತಾಗುವುದು ಆತನಿಗೆ. ಈ ಕೆಲಸವನ್ನು ಬಿಟ್ಟಿ ಮಾಡಿಸಬಾರದೆಂದು, ಆತನಿಗೆ ತಿಂಗಳಿಗಿಷ್ಟು ಹೆಚ್ಚುವರಿ ಕೊಡುವ ಠರಾವನ್ನೂ ಮಾಡಿಸಿದೆ.

ಕಟ್ಟಡಗಳಲ್ಲಿ ನಮ್ಮ ಕೈಗೆ ಸಿಕ್ಕಿದ್ದು ಕಡಿಮೆ. ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಬಳಗ 1970ರ ದಶಕದಿಂದ ಅದುಮಿದ ಮಣ್ಣಿನ ಇಟ್ಟಿಗೆಯ ಮೇಲೆ ಕೆಲಸ ಮಾಡಿ ತೋರಿಸಿದೆ, ಅದನ್ನು ಸುಡಬೇಕಾಗಿಲ್ಲ. ನಮ್ಮ ಅಂಗನವಾಡಿಗೆ ಮಾತ್ರ ನಕ್ಷೆ, ಅಂದಾಜುಪಟ್ಟಿ ಸಿದ್ಧವಾಗಿಯೇ ಬಂತು. ಅಷ್ಟರಲ್ಲೂ ಕಿಟಕಿಗಳನ್ನು ಎದುರುಬದುರಾಗಿ ಇಡಿಸಿದೆವು, ಪಡುವಣಕ್ಕೆ ಬಾಗಿಲು ಬೇಡವೆಂದೆವು, ತಾರಸಿಗೆ ದಪ್ಪನಾಗಿ ಬಿಳಿ ಸುಣ್ಣ ಹೊಡೆಸಿದೆವು. ಮಾಳಿಗೆ ಮನೆಯಲ್ಲಿ ಬೆಳೆದ ನಮ್ಮಂಥವರಿಗೆ ಇದಕ್ಕೆ ಎಂಜಿನಿಯರ್ ಹೇಳಬೇಕಿರಲಿಲ್ಲ. ಸುಣ್ಣ ಪ್ರತಿ ವರ್ಷ ಶಿವರಾತ್ರಿಯೊಳಗೆ ಬೀಳಬೇಕು. ಅದರ ಖರ್ಚನ್ನೂ ಕ್ರಿಯಾಯೋಜನೆಯಲ್ಲಿ ಪ್ರತ್ಯೇಕವಾಗಿ ಬರೆಸಿದ್ದೇನೆ.