ವಿದ್ಯುದಾಗಾರದ ವ್ಯರ್ಥ ಶಾಖ: ಅದರ ಬಳಕೆ ಮತ್ತು ಮಿತಿ

ತುಬಚಿ ಗ್ರಾಮದ ಹೆಸರನ್ನು ಹೊತ್ತ ತುಬಚಿ–ಬಬಲೇಶ್ವರ ಏತ ನೀರಾವರಿ ಯೋಜನೆಯು ಕೃಷ್ಣೆಯ ನೀರನ್ನು ಮೇಲೆತ್ತಿ ವಿಜಯಪುರ ಜಿಲ್ಲೆಯ ಎತ್ತರದ ಭೂಮಿಗೆ ಒಯ್ಯುತ್ತದೆ. ನೀರನ್ನೆತ್ತಲು ವಿದ್ಯುತ್ತು ಬೇಕು. ಅದೇ ಜಿಲ್ಲೆಯ ಕೂಡಗಿಯಲ್ಲಿರುವ 2400 ಮೆಗಾವ್ಯಾಟ್ ಸಾಮರ್ಥ್ಯದ ಉಷ್ಣ ವಿದ್ಯುತ್ ಸ್ಥಾವರಕ್ಕೆ ಆಲಮಟ್ಟಿ ಜಲಾಶಯದಿಂದ, ಎಂದರೆ ಕೃಷ್ಣೆಯಿಂದಲೇ, ನೀರು ಹೋಗುತ್ತದೆ. ನೀರಿಗೆ ವಿದ್ಯುತ್ತು, ವಿದ್ಯುತ್ತಿಗೆ ನೀರು ಎಂಬ ಈ ನಂಟಿನಲ್ಲಿ ಕಲ್ಲಿದ್ದಲಿನ ಶಾಖವು ಎಲ್ಲಿ ಹೋಗುತ್ತದೆಂಬುದು ರೈತನಿಗೂ ವಿದ್ಯಾರ್ಥಿಗೂ ಸಂಬಂಧಪಟ್ಟ ಪ್ರಶ್ನೆಯೇ ಆಗಿದೆ.

ಕೂಡಗಿಯಲ್ಲಿ 800 ಮೆಗಾವ್ಯಾಟಿನ ಮೂರು ಘಟಕಗಳಿವೆ. ಇಂಥ ಒಂದು ಘಟಕದ ದಕ್ಷತೆಯನ್ನು ಶೇಕಡಾ 40 ಎಂದು ಹಿಡಿದರೆ, ಅದಕ್ಕೆ 2000 ಮೆಗಾವ್ಯಾಟಿನಷ್ಟು ಶಾಖವನ್ನು ಒದಗಿಸಬೇಕು. ಉಳಿದ 1200ರಲ್ಲಿ ಸುಮಾರು 900 ಭಾಗವು ಕಂಡೆನ್ಸರಿನಲ್ಲಿ ಉಗಿಯು ನೀರಾಗುವಾಗ ಹೊರಬೀಳುತ್ತದೆ. ಮಿಕ್ಕುದರಲ್ಲಿ ಬಹುಪಾಲು ಚಿಮಣಿಯ ಮೂಲಕ ಹೋಗುತ್ತದೆ. ಕಂಡೆನ್ಸರಿನ ಶಾಖವನ್ನು ಕಳೆಯಲು ಶೀತಲ ಗೋಪುರಗಳಲ್ಲಿ ಗಂಟೆಗೆ ಸಾವಿರ ಟನ್ನಿಗೂ ಮಿಕ್ಕಿ ನೀರು ಆವಿಯಾಗಬೇಕಾಗುತ್ತದೆ.

ಇಷ್ಟೊಂದು ಶಾಖವನ್ನು ಮತ್ತೆ ವಿದ್ಯುತ್ತಾಗಿ ಮಾಡಬಾರದೇಕೆ? ಇದಕ್ಕೆ ಉತ್ತರವನ್ನು ಫ್ರಾನ್ಸಿನ ಸಾದಿ ಕಾರ್ನೋ 1824ರಲ್ಲಿಯೇ ಸೂಚಿಸಿದನು. ಶಾಖದಿಂದ ದೊರೆಯುವ ಕೆಲಸವು ಶಾಖದ ಮೊತ್ತವನ್ನಷ್ಟೇ ಅಲ್ಲದೆ, ಬಿಸಿ ಮತ್ತು ತಂಪುಗಳ ಅಂತರವನ್ನೂ ಅವಲಂಬಿಸುತ್ತದೆ. ಎತ್ತರದಿಂದ ಬೀಳುವ ನೀರು ಚಕ್ರವನ್ನು ತಿರುಗಿಸುತ್ತದೆ; ಸಮತಟ್ಟಿನ ಕೆರೆಯ ನೀರು ಎಷ್ಟಿದ್ದರೂ ತಿರುಗಿಸದು. ಕಂಡೆನ್ಸರಿನ ಉಗಿ ಸುಮಾರು 45 ಡಿಗ್ರಿ, ತಂಪಿನ ನೀರು 30 ಡಿಗ್ರಿ ಎನ್ನೋಣ. ಅಂತರವಾದ 15ನ್ನು ನಿರಪೇಕ್ಷ ಉಷ್ಣತೆಯಾದ 318ರಿಂದ ಭಾಗಿಸಿದರೆ ಆದರ್ಶ ದಕ್ಷತೆ ಶೇಕಡಾ 4.7 ಮಾತ್ರ. ಅಂದರೆ 900ರಲ್ಲಿ 42 ಮೆಗಾವ್ಯಾಟು. ಆದರೆ ಶಾಖವು ಕೊಳವೆಗಳನ್ನು ದಾಟಿ ಹರಿಯುವುದಕ್ಕೇ ಆ 15 ಡಿಗ್ರಿಗಳಲ್ಲಿ ಬಹುಭಾಗ ವ್ಯಯವಾಗುವುದರಿಂದ ಅದೂ ಕೈಗೆ ಹತ್ತದು.

ಚಿಮಣಿಯ ಅನಿಲವು ಸುಮಾರು 140 ಡಿಗ್ರಿ ಇರುವುದರಿಂದ ಕೊಂಚ ಆಸೆಯುಂಟು. ಪೆಂಟೇನಿನಂಥ ದ್ರವವು 36 ಡಿಗ್ರಿಯಲ್ಲಿಯೇ ಕುದಿಯುತ್ತದೆ. ಅದರ ಆವಿಯಿಂದ ಸಣ್ಣ ಟರ್ಬೈನನ್ನು ನಡೆಯಿಸಬಹುದು. ಅಮೆರಿಕದ ಅಲಾಸ್ಕಾ ಪ್ರಾಂತದ ಚೀನಾ ಎಂಬ ಬಿಸಿನೀರಿನ ಬುಗ್ಗೆಯಲ್ಲಿ 2006ರಿಂದ ಇಂಥದೇ ತತ್ತ್ವದ ಯಂತ್ರವು ಕೇವಲ 74 ಡಿಗ್ರಿಯ ನೀರಿನಿಂದ ವಿದ್ಯುತ್ತನ್ನು ಉತ್ಪಾದಿಸಿದೆ. ಅಲ್ಲಿ ತೀರ ತಣ್ಣನೆಯ ನೀರು ಸಮೀಪದಲ್ಲಿಯೇ ಇದೆ. ಬಯಲುಸೀಮೆಯಲ್ಲಿ ಆ ಅನುಕೂಲವಿಲ್ಲ. ಮೇಲಾಗಿ, ಕಲ್ಲಿದ್ದಲಿನ ಅನಿಲವನ್ನು ಅತಿಯಾಗಿ ತಣಿಸಿದರೆ ಗಂಧಕಾಮ್ಲವು ಸಾಂದ್ರಗೊಂಡು ಲೋಹವನ್ನು ಕೊರೆಯುತ್ತದೆ. ಸಿಮೆಂಟ್ ಕಾರ್ಖಾನೆಯ ಗೂಡಿನ ಅನಿಲವು 300 ಡಿಗ್ರಿಯಷ್ಟಿರುವುದರಿಂದ ಅಲ್ಲಿ ಈ ವಿಧಾನವು ಹೆಚ್ಚು ಫಲಕಾರಿ.

ಹಾಗಾದರೆ ಕಡಿಮೆ ಉಷ್ಣತೆಯ ಶಾಖವು ನಿರುಪಯೋಗಿಯೇ? ಅಲ್ಲ. ಅದನ್ನು ಶಾಖವಾಗಿಯೇ ಬಳಸುವುದು ಉತ್ತಮ. ಇದಕ್ಕೆ ನಿದರ್ಶನವನ್ನು ಜಮಖಂಡಿ, ಮುಧೋಳ ಭಾಗದ ಸಕ್ಕರೆ ಕಾರ್ಖಾನೆಗಳಲ್ಲಿಯೇ ಕಾಣಬಹುದು. ಅಲ್ಲಿ ಕಬ್ಬಿನ ಸಿಪ್ಪೆಯನ್ನುರಿಸಿ ಅಧಿಕ ಒತ್ತಡದ ಉಗಿಯನ್ನು ಪಡೆದು, ಮೊದಲು ಟರ್ಬೈನಿನಲ್ಲಿ ವಿದ್ಯುತ್ತನ್ನು ತೆಗೆಯುತ್ತಾರೆ. ಕೆಲಸ ಮಾಡಿ ದಣಿದ, ಸುಮಾರು 125 ಡಿಗ್ರಿಯ ಆ ಉಗಿಯೇ ಕಬ್ಬಿನ ಹಾಲನ್ನು ಕಾಯಿಸುತ್ತದೆ. ಮೊದಲ ಪಾತ್ರೆಯಿಂದ ಎದ್ದ ಆವಿಯು ಕಡಿಮೆ ಒತ್ತಡದ ಎರಡನೆಯ ಪಾತ್ರೆಯನ್ನೂ, ಅದರ ಆವಿಯು ಮೂರನೆಯದನ್ನೂ ಕುದಿಸುತ್ತದೆ. ನಾಲ್ಕು ಪಾತ್ರೆಗಳ ಸಾಲಿನಲ್ಲಿ ಒಂದು ಕಿಲೋ ಉಗಿಯಿಂದ ಸುಮಾರು ನಾಲ್ಕು ಕಿಲೋ ನೀರು ಆವಿಯಾಗುತ್ತದೆ. ಅಮೆರಿಕದ ನಾರ್ಬರ್ಟ್ ರಿಲ್ಯೂ 1843ರಲ್ಲಿ ಇಂಥ ವಿಧಾನಕ್ಕೆ ಹಕ್ಕುಪತ್ರ ಪಡೆದಿದ್ದನು. ಈ ಭಾಗದ ಹಲವು ಕಾರ್ಖಾನೆಗಳು ತಮ್ಮ ಅಗತ್ಯ ತೀರಿಸಿಕೊಂಡು, ಮಿಕ್ಕ ವಿದ್ಯುತ್ತನ್ನು ಜಾಲಕ್ಕೆ ಕೊಡುತ್ತವೆ.

ಆದರೆ ಈ ಹೊಂದಾಣಿಕೆ ಕಬ್ಬು ನುರಿಯುವ ತಿಂಗಳುಗಳಿಗೆ ಸೀಮಿತ. ಕೂಡಗಿಯಂಥ ದೊಡ್ಡ ಸ್ಥಾವರದ ನೆರೆಯಲ್ಲಾದರೋ ಅಷ್ಟು ಶಾಖವನ್ನು ವರ್ಷವಿಡೀ ಕೊಳ್ಳುವ ಉದ್ಯಮವಿರುವುದು ಅಪರೂಪ. ಆದುದರಿಂದ ಸ್ಥಾವರವನ್ನು ಕಟ್ಟುವ ಮೊದಲೇ, ಅದರ ಶಾಖವನ್ನು ಬಳಸುವವರು ಯಾರೆಂಬುದನ್ನು ಗೊತ್ತುಪಡಿಸುವುದು ಯುಕ್ತ. ಕಳೆದುಹೋದ ಶಾಖವನ್ನು ಬೆನ್ನಟ್ಟುವುದಕ್ಕಿಂತ, ಅದು ಇಳಿಯುವ ಪ್ರತಿಯೊಂದು ಮೆಟ್ಟಿಲಿನಲ್ಲಿಯೂ ಕೆಲಸ ಪಡೆಯುವುದೇ ನಿಜವಾದ ಉಳಿತಾಯ. ಹಾಗೆ ಉಳಿದುದರಲ್ಲಿ ಕಲ್ಲಿದ್ದಲಷ್ಟೇ ಅಲ್ಲ, ಕೃಷ್ಣೆಯ ನೀರೂ ಸೇರಿರುತ್ತದೆ.